ಕಂಪ್ಯೂಟರ್ ನೆರವಿನ ಸ್ಪೋರ್ಟ್ಸ್ ಕಾರಿನಲ್ಲಿ ನಿಜಕ್ಕೂ ಓಡಿಸುವುದು ಯಾರು?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಮೊದಲ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟಿದ್ದೀರಿ. ಈಗಿನ ಕಾರುಗಳಲ್ಲಿ ಎಲ್ಲವನ್ನೂ ಕಂಪ್ಯೂಟರೇ ಮಾಡಿ ಮುಗಿಸುತ್ತದೆ, ಚಾಲಕ ಸುಮ್ಮನೆ ಕುಳಿತಿರುತ್ತಾನೆ, ನಿಜವಾದ ಚಾಲನೆ ಬೇಕಿದ್ದರೆ ಹಳೆಯ ಕಾರನ್ನೇ ಹುಡುಕು ಎಂದು ಗೆಳೆಯರು ಹೇಳಿದ್ದಾರೆ. ಇದು ನಿಜವೇ, ಕಲಿಯಲು ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ.

ಟ್ರ್ಯಾಕ್‌ನಲ್ಲಿ ಹೊಸಬರ ಪಕ್ಕದ ಸೀಟಿನಲ್ಲಿ ಕುಳಿತು ಚಾಲನೆ ಕಲಿಸುವುದು ನನ್ನ ಕೆಲಸ. ಎರಡೂ ಬಗೆಯ ಕಾರುಗಳನ್ನು ಜನ ಹೇಗೆ ಓಡಿಸುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಹತ್ತಿರದಿಂದ ನೋಡುತ್ತೇನೆ. ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಆದರೆ ದೂರಬೇಕಾದುದನ್ನು ಬಿಟ್ಟು ಬೇರೆಯದನ್ನು ದೂರುತ್ತಿದ್ದಾರೆ. ಜಾರುತ್ತಿರುವ ಕಾರನ್ನು ಹಿಡಿದು ನಿಲ್ಲಿಸುವ ಕಂಪ್ಯೂಟರ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಟೈರ್ ಏನು ಮಾಡುತ್ತಿದೆ ಎಂಬ ಸುದ್ದಿ ಕೈಗೂ ಕಾಲಿಗೂ ತಲುಪದಂತೆ ಅಡ್ಡ ನಿಲ್ಲುವ ಕಂಪ್ಯೂಟರ್ ಬಗ್ಗೆ ಇದೆ. ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಈ ಜಗಳ ಇಷ್ಟು ವರ್ಷ ಬಗೆಹರಿಯದೆ ಉಳಿದಿದೆ.

ಜಗಳವೇನೂ ಹೊಸದಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಲ್ಲದಂತೆ ತಡೆಯುವ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿಗೆ ಬಂದದ್ದು 1978ರಲ್ಲಿ. 1986ರ ಪೋರ್ಷೆ 959 ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಎಷ್ಟೆಷ್ಟು ಕಳಿಸಬೇಕು ಎಂಬುದನ್ನು ಎಲೆಕ್ಟ್ರಾನಿಕ್ಸ್‌ಗೆ ಬಿಟ್ಟುಕೊಟ್ಟಿತು. ಮರುವರ್ಷವೇ ಬಂದ ಫೆರಾರಿ ಎಫ್40ರಲ್ಲಿ ಎಬಿಎಸ್ ಇರಲಿಲ್ಲ, ಪವರ್ ಸ್ಟೀರಿಂಗ್ ಇರಲಿಲ್ಲ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಸಹ ಇರಲಿಲ್ಲ. ಒಂದೇ ಕಾಲದ ಎರಡು ಕಾರುಗಳು, ಎರಡು ಬೇರೆ ನಂಬಿಕೆಗಳು. 1992ನೆಯ ಇಸವಿ ಇನ್ನೂ ಸ್ವಾರಸ್ಯಕರ. ಗಾರ್ಡನ್ ಮರ್ರಿ ವಿನ್ಯಾಸ ಮಾಡಿದ ಮೆಕ್‌ಲಾರೆನ್ ಎಫ್1 ಎಂಬ ರಸ್ತೆ ಕಾರು ಆ ವರ್ಷ ಅನಾವರಣಗೊಂಡಿತು. ಅದರಲ್ಲಿ ಎಬಿಎಸ್, ವೇಗ ಹೆಚ್ಚಿಸುವಾಗ ಚಕ್ರಗಳು ಹಿಡಿತ ತಪ್ಪಿ ಸುಮ್ಮನೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಪವರ್ ಸ್ಟೀರಿಂಗ್ ಒಂದೂ ಇರಲಿಲ್ಲ. ಅದೇ ವರ್ಷ ನೈಜಲ್ ಮ್ಯಾನ್ಸೆಲ್ ಅವರು ಫಾರ್ಮುಲಾ ಒನ್ ಚಾಂಪಿಯನ್ ಆದ ವಿಲಿಯಮ್ಸ್ ಎಫ್‌ಡಬ್ಲ್ಯು14ಬಿ ಕಾರಿನಲ್ಲಿ ಕಂಪ್ಯೂಟರ್ ನಡೆಸುವ ಸಸ್ಪೆನ್ಷನ್, ಟ್ರ್ಯಾಕ್ಷನ್ ಕಂಟ್ರೋಲ್, ಅರೆ ಸ್ವಯಂಚಾಲಿತ ಗೇರ್‌ಬಾಕ್ಸ್ ಎಲ್ಲವೂ ಇದ್ದವು. 1994ರಿಂದ ಫಾರ್ಮುಲಾ ಒನ್‌ನಲ್ಲಿ ಚಾಲಕನ ಕೆಲಸವನ್ನು ತಾವೇ ಮಾಡುವ ಇಂಥ ಹಲವು ವ್ಯವಸ್ಥೆಗಳಿಗೆ ನಿಷೇಧ ಬಿತ್ತು. ಟ್ರ್ಯಾಕ್ಷನ್ ಕಂಟ್ರೋಲ್ 2001ರಲ್ಲಿ ಮರಳಿ ಬಂದು 2008ರಲ್ಲಿ ಮತ್ತೆ ಹೊರಬಿತ್ತು.

ಪಂದ್ಯದಲ್ಲಿ ಆ ನಿಷೇಧಕ್ಕೆ ಅರ್ಥವಿದೆ, ಅಲ್ಲಿ ಅಳೆಯುವುದೇ ಚಾಲಕನ ಕೌಶಲವನ್ನು. ಅದೇ ನಿಯಮವನ್ನು ರಸ್ತೆಗೆ ತಂದು, ಸಹಾಯ ಪಡೆದವನು ಚಾಲಕನೇ ಅಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಏಕೆ ಎಂಬುದಕ್ಕೆ ಒಂದು ತಿರುವನ್ನು ನಿಧಾನವಾಗಿ ನೋಡೋಣ.

ರಸ್ತೆ ಒದ್ದೆಯಾಗಿದೆ. ತಿರುವಿನ ನಡುವೆ ವೇಗ ಹೆಚ್ಚಾಯಿತೆನಿಸಿ ಆಕ್ಸಿಲರೇಟರ್‌ನಿಂದ ತಟ್ಟನೆ ಕಾಲು ತೆಗೆಯುತ್ತೀರಿ. ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಟೈರ್‌ಗಳ ಮೇಲಿನ ಒತ್ತಡ ಇಳಿಯುತ್ತದೆ, ಹಿಂಭಾಗ ಹೊರಕ್ಕೆ ಸರಿಯತೊಡಗುತ್ತದೆ. ನುರಿತವರು ಈಗ ಬ್ರೇಕ್ ಮುಟ್ಟುವುದಿಲ್ಲ. ಹಿಂಭಾಗ ಜಾರುತ್ತಿರುವ ಕಡೆಗೇ ಸ್ಟೀರಿಂಗ್ ತಿರುಗಿಸಿ, ಹಿಡಿತ ಮರಳಿದ ಕ್ಷಣವೇ ಅದನ್ನು ನೇರ ಮಾಡುತ್ತಾರೆ. ನೇರ ಮಾಡುವುದು ತುಸು ತಡವಾದರೂ ಕಾರು ಎದುರು ದಿಕ್ಕಿಗೆ ಇನ್ನೂ ಜೋರಾಗಿ ಬೀಸುತ್ತದೆ. ಬಹಳಷ್ಟು ಜನ ಮೊದಲ ಜಾರನ್ನು ಹೇಗೋ ಹಿಡಿದು, ಈ ಎರಡನೆಯದರಲ್ಲಿ ರಸ್ತೆ ಬಿಟ್ಟು ಹೋಗುತ್ತಾರೆ.

ಸ್ಟೆಬಿಲಿಟಿ ಕಂಟ್ರೋಲ್ ಇದ್ದರೆ ನಡೆಯುವುದೇ ಬೇರೆ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂಬುದನ್ನು ನೋಡಿ ನೀವು ಎಲ್ಲಿಗೆ ಹೋಗಬಯಸುತ್ತೀರಿ ಎಂದು ಕಂಪ್ಯೂಟರ್ ತಿಳಿಯುತ್ತದೆ. ಕಾರು ನಿಜಕ್ಕೂ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂಬುದನ್ನು ಮತ್ತೊಂದು ಸೆನ್ಸರ್ ಹೇಳುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ, ತಿರುವಿನ ಹೊರಬದಿಯ ಮುಂದಿನ ಚಕ್ರವೊಂದಕ್ಕೇ ಬ್ರೇಕ್ ಹಾಕಿ ಕಾರಿನ ಮೂತಿಯನ್ನು ಹೊರಕ್ಕೆ ಎಳೆಯುತ್ತದೆ, ಸುತ್ತುವುದು ನಿಲ್ಲುತ್ತದೆ. ನಮಗಿರುವುದು ಒಂದೇ ಬ್ರೇಕ್ ಪೆಡಲ್. ನಾಲ್ಕು ಚಕ್ರಗಳಲ್ಲಿ ಒಂದನ್ನು ಮಾತ್ರ ಆರಿಸಿ ಹಿಡಿಯುವುದು ಜಗತ್ತಿನ ಅತ್ಯುತ್ತಮ ಚಾಲಕನ ಕಾಲಿಗೂ ಸಾಧ್ಯವಿಲ್ಲ. ಮನುಷ್ಯನ ಕೈಯಲ್ಲಿ ಎಂದೂ ಇರದಿದ್ದ ಕೆಲಸವಿದು. ಕಂಪ್ಯೂಟರ್ ಇದನ್ನು ನಮ್ಮಿಂದ ಕಿತ್ತುಕೊಂಡಿತು ಎನ್ನುವುದು ಹೇಗೆ?

ಇದು ಮೊದಲು ಬಂದದ್ದು 1995ರಲ್ಲಿ, ಮರ್ಸಿಡಿಸ್‌ನ ದೊಡ್ಡ ಕೂಪೆಯಲ್ಲಿ. 1997ರಲ್ಲಿ ಅದೇ ಕಂಪನಿಯ ಪುಟ್ಟ ಎ-ಕ್ಲಾಸ್ ಕಾರು ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ, ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಹಾಗೆ ಸರಕ್ಕನೆ ತಿರುಗಿಸಿದಾಗ ಮಗುಚಿತು. ಆಮೇಲೆ ಆ ಕಾರಿಗೆಲ್ಲ ಈ ವ್ಯವಸ್ಥೆ ಕಡ್ಡಾಯವಾಗಿ ಬಂತು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನ ಒಕ್ಕೂಟದಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಕಾನೂನೇ ಆಯಿತು. ಸ್ಪೋರ್ಟ್ಸ್ ಕಾರಿನ ಅಭಿಮಾನಿಗಳು ಇದನ್ನು ದೂರುವಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಇದರಿಂದ ಮನೆಗೆ ಮರಳಿದವರು ಲೆಕ್ಕವಿಲ್ಲದಷ್ಟು ಜನ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಯಾವ ಕಂಪ್ಯೂಟರೂ ಹಿಡಿತವನ್ನು ಹುಟ್ಟಿಸುವುದಿಲ್ಲ, ಇದ್ದಷ್ಟನ್ನು ಹಂಚುತ್ತದೆ ಅಷ್ಟೆ. ರಸ್ತೆಗೂ ಕಾರಿಗೂ ಇರುವ ನಂಟು ನಾಲ್ಕು ಟೈರ್‌ಗಳ ಅಂಗೈಯಷ್ಟಗಲದ ರಬ್ಬರ್ ಮಾತ್ರ. ತಿರುವಿಗೆ ಹೊಂದದ ವೇಗದಲ್ಲಿ ನುಗ್ಗಿದರೆ ಎಲ್ಲ ಸೆನ್ಸರ್‌ಗಳೂ ಸರಿಯಾಗಿಯೇ ಕೆಲಸ ಮಾಡುತ್ತಿರುವಾಗಲೇ ಕಾರು ರಸ್ತೆ ಬಿಡುತ್ತದೆ. ಎಬಿಎಸ್‌ಗೂ ಮಿತಿಯಿದೆ. ಸಡಿಲ ಜಲ್ಲಿಯ ಮೇಲೆ ಚಕ್ರ ಕಚ್ಚಿಕೊಂಡು ನಿಂತರೆ ಮುಂದೆ ಕಲ್ಲಿನ ಗುಪ್ಪೆ ಸೇರಿ ಕಾರು ಬೇಗ ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಉರುಳಿಸುತ್ತಲೇ ಇರುವುದರಿಂದ ಅಲ್ಲಿ ಹೆಚ್ಚು ದೂರ ಹೋಗಬಹುದು. ಆದರೂ ಸ್ಟೀರಿಂಗ್ ಮಾತು ಕೇಳುತ್ತಿರುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಎಬಿಎಸ್ ಪರ. ನಿಂತುಹೋದ ಚಕ್ರ ಯಾವ ಕಡೆಗೂ ತಿರುಗಿಸುವುದಿಲ್ಲ. ಇನ್ನೊಂದು ಸಂಗತಿ: ಎಬಿಎಸ್ ಕೆಲಸ ಶುರು ಮಾಡಿದಾಗ ಪೆಡಲ್ ಕಾಲಡಿ ಗಡಗಡನೆ ನಡುಗುತ್ತದೆ. ಏನೋ ಮುರಿಯಿತೆಂದು ಹೊಸಬರು ಹೆದರಿ ಕಾಲು ಸಡಿಲಿಸುತ್ತಾರೆ. ಆ ನಡುಕವನ್ನು ಖಾಲಿ ಜಾಗದಲ್ಲಿ ಒಮ್ಮೆ ಬೇಕೆಂದೇ ಅನುಭವಿಸಿ, ಒತ್ತಿದ ಕಾಲನ್ನು ಒತ್ತಿಯೇ ಇಡುವುದನ್ನು ಕಲಿಯಿರಿ.

ಇನ್ನು ನಾವು ನಿಜವಾಗಿ ಕಳೆದುಕೊಂಡದ್ದರ ವಿಚಾರ. ನನ್ನ ಮಟ್ಟಿಗೆ ಅದು ಸ್ಟೀರಿಂಗ್.

ಒಳ್ಳೆಯ ಹಳೆಯ ಸ್ಟೀರಿಂಗ್ ಹಿಡಿದು ತಿರುವಿಗೆ ಇಳಿದಾಗ ಅದು ಮೊದಲು ಬಿಗಿಯಾಗುತ್ತಾ ಹೋಗುತ್ತದೆ. ಮುಂದಿನ ಟೈರ್‌ಗಳು ತಾವಾಗಿ ನೇರಕ್ಕೆ ಮರಳಲು ಯತ್ನಿಸುತ್ತಿರುತ್ತವೆ, ಆ ಎಳೆತವೇ ಕೈಗೆ ಸಿಗುವ ಬಿಗಿ. ಟೈರ್ ತನ್ನ ಹಿಡಿತದ ತುದಿಯನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಈ ಎಳೆತ ಇಳಿಯಲು ತೊಡಗುತ್ತದೆ. ಕೈಯಲ್ಲಿದ್ದ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವೆನಿಸುತ್ತದೆ. ಕಾರು ಇನ್ನೂ ಜಾರಿಲ್ಲ, ಆದರೆ ಸುದ್ದಿ ಆಗಲೇ ಬಂದಿದೆ. ಈ ಒಂದು ಸೂಚನೆಯನ್ನು ಓದಬಲ್ಲವರು ಜಾರುವ ಮೊದಲೇ ಸ್ಟೀರಿಂಗನ್ನು ಕೂದಲೆಳೆಯಷ್ಟು ಸಡಿಲಿಸಿ ಎಲ್ಲವನ್ನೂ ಸರಿಮಾಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಏನೂ ನಡೆದೇ ಇಲ್ಲ ಎನಿಸುತ್ತದೆ. ಕಾರು ಓಡಿಸುವುದರಲ್ಲಿ ನನಗೆ ಇದಕ್ಕಿಂತ ದೊಡ್ಡ ಸುಖವಿಲ್ಲ.

ಸ್ಟೀರಿಂಗ್ ತಿರುಗಿಸಲು ನೆರವಾಗುತ್ತಿದ್ದ ಹೈಡ್ರಾಲಿಕ್ ಪಂಪ್ ಇದ್ದ ಜಾಗಕ್ಕೆ ವಿದ್ಯುತ್ ಮೋಟಾರ್ ಬಂದಾಗ ಈ ಸುದ್ದಿ ಮಸುಕಾಯಿತು. ಬದಲಾವಣೆಗೆ ಬಲವಾದ ಕಾರಣಗಳಿದ್ದವು. ಎಂಜಿನ್ನಿಗೆ ಕಟ್ಟಿದ ಪಂಪ್ ನೇರ ರಸ್ತೆಯಲ್ಲೂ ಸುತ್ತುತ್ತಾ ಇಂಧನ ತಿನ್ನುತ್ತದೆ, ಮೋಟಾರ್ ಬೇಕಾದಾಗ ಮಾತ್ರ ವಿದ್ಯುತ್ ಎಳೆಯುತ್ತದೆ. ತಾನೇ ಪಾರ್ಕ್ ಮಾಡುವ, ಪಥ ಬಿಡದಂತೆ ನೋಡಿಕೊಳ್ಳುವ ಸೌಲಭ್ಯಗಳಿಗೂ ಈ ಮೋಟಾರ್ ಅನುಕೂಲ. 2011ರಲ್ಲಿ ಪೋರ್ಷೆ 911ಕ್ಕೂ ಇದು ಬಂದಾಗ ಎದ್ದ ಗುಲ್ಲು ಸಣ್ಣದಲ್ಲ. ಗುಲ್ಲೆಬ್ಬಿಸಿದವರು ಸುಮ್ಮನೆ ಹಟ ಮಾಡುತ್ತಿರಲಿಲ್ಲ, ಅವರ ಕೈಗೆ ಬರುತ್ತಿದ್ದ ಸುದ್ದಿ ನಿಜವಾಗಿಯೂ ಕಡಿಮೆಯಾಗಿತ್ತು. ಅಂದಿನಿಂದ ಎಂಜಿನಿಯರ್‌ಗಳು ಬಹಳ ದೂರ ಬಂದಿದ್ದಾರೆ, ಇಂದಿನ ಕೆಲವು ವಿದ್ಯುತ್ ಸ್ಟೀರಿಂಗ್‌ಗಳು ಸೊಗಸಾಗಿವೆ. ಹಾಗಾಗಿ ತಪ್ಪು ಮೋಟಾರಿನದಲ್ಲ, ಏನನ್ನು ಸೋಸಬೇಕು, ಏನನ್ನು ಕೈಗೆ ಬಿಡಬೇಕು ಎಂದು ತೀರ್ಮಾನಿಸಿದವರದು. ಸ್ಪೋರ್ಟ್ ಎಂಬ ಬಟನ್ ಒತ್ತಿದರೆ ಸ್ಟೀರಿಂಗ್ ಬರೀ ಭಾರವಾಗುವ ಕಾರುಗಳಿವೆ. ಅಂಥ ಭಾರದಲ್ಲಿ ಸುದ್ದಿ ಇಲ್ಲ, ತೋಳಿಗೆ ಶ್ರಮವಷ್ಟೆ.

ಗೇರ್‌ಬಾಕ್ಸ್ ವಿಷಯಕ್ಕೆ ಜನ ಕೊಡುವಷ್ಟು ಮಹತ್ವವನ್ನು ನಾನು ಕೊಡುವುದಿಲ್ಲ. ಎರಡು ಕ್ಲಚ್‌ಗಳ ಗೇರ್‌ಬಾಕ್ಸ್‌ನಲ್ಲಿ ಒಂದು ಕ್ಲಚ್ ಬೆಸ ಸಂಖ್ಯೆಯ ಗೇರ್‌ಗಳನ್ನೂ ಇನ್ನೊಂದು ಸಮ ಸಂಖ್ಯೆಯವನ್ನೂ ನೋಡಿಕೊಳ್ಳುತ್ತದೆ. ಮುಂದಿನ ಗೇರ್ ಆಗಲೇ ಸಿದ್ಧವಾಗಿರುವುದರಿಂದ ಮನುಷ್ಯನ ಕೈ ಅದರ ವೇಗಕ್ಕೆ ಸಾಟಿಯಾಗಲಾರದು. 2013ರ ಪೋರ್ಷೆ 911 ಜಿಟಿ3 ಇದೊಂದರಲ್ಲೇ ಬಂತು. ಅಭಿಮಾನಿಗಳು ಮುನಿಸಿಕೊಂಡರು. 2016ರಲ್ಲಿ ಬರೀ ಮ್ಯಾನ್ಯುವಲ್ ಗೇರ್ ಇರುವ 911 ಆರ್ ಬಂತು, ಮಾಡಿದ್ದು 991 ಕಾರುಗಳನ್ನು ಮಾತ್ರ. ಮರುವರ್ಷ ಜಿಟಿ3ಗೂ ಮ್ಯಾನ್ಯುವಲ್ ಮರಳಿತು. ನಿಧಾನವಾದದ್ದನ್ನೇ ಬೇಕೆಂದು ಕೇಳಿ ಪಡೆದರು. ಏಕೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ: ತಿರುವಿಗೆ ಮುನ್ನ ಬಲಗಾಲಿನ ಮುಂಭಾಗದಿಂದ ಬ್ರೇಕ್ ಒತ್ತಿಕೊಂಡೇ, ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ ಎಂಜಿನ್ ವೇಗ ಏರಿಸಿ, ಎಡಗಾಲಿನ ಕ್ಲಚ್ ಬಿಡುವಾಗ ಗೇರ್ ಒಂದಿಷ್ಟೂ ಎಳೆಯದೆ ಕೂತರೆ, ಆ ದಿನವೇ ಸಾರ್ಥಕ ಎನಿಸುತ್ತದೆ. ಆದರೂ ಜಡವಾದ ಸ್ಟೀರಿಂಗ್ ಇರುವ ಮ್ಯಾನ್ಯುವಲ್ ಕಾರು, ಮಾತಾಡುವ ಸ್ಟೀರಿಂಗ್ ಇರುವ ಆಟೊಮ್ಯಾಟಿಕ್ ಕಾರು, ಎರಡರಲ್ಲಿ ಒಂದು ಆರಿಸು ಎಂದರೆ ನಾನು ಎರಡನೆಯದಕ್ಕೇ ಕೈ ಹಾಕುತ್ತೇನೆ.

ಇದೇ ಅಳತೆಗೋಲಿನಿಂದ ನೋಡಿದರೆ ವಿದ್ಯುತ್ ಕಾರುಗಳ ಬಗ್ಗೆಯೂ ನನ್ನ ಅಭಿಪ್ರಾಯ ಹಳಬರಿಗಿಂತ ಮೃದು. 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ಕಾರಿನಲ್ಲಿ ಇಲ್ಲದ ಗೇರ್‌ಗಳನ್ನು ಸಾಫ್ಟ್‌ವೇರ್ ನಟಿಸುತ್ತದೆ, ಸ್ಪೀಕರ್‌ನಿಂದ ಎಂಜಿನ್ ಸದ್ದು ಬರುತ್ತದೆ. ಸುಳ್ಳು ಎಂದು ಹಲವರು ಮುಖ ತಿರುಗಿಸಿದರು. ಆದರೆ ಮೀಟರ್ ನೋಡದೆ ಕಿವಿಯಿಂದಲೇ ವೇಗ ಅಂದಾಜು ಮಾಡಲು ಆ ಸದ್ದು ನೆರವಾಗುತ್ತದೆ, ತಿರುವಿನ ಮುನ್ನ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಚಾಲಕನಿಗೆ ಸುದ್ದಿ ತಲುಪಿಸುವ ಯಾವುದನ್ನೂ ನಾನು ಬೇಡವೆನ್ನಲಾರೆ.

ಹಳೆಯ ಕಾರುಗಳು ಜೀವಂತವೆನಿಸಲು ಕಂಪ್ಯೂಟರ್ ಇಲ್ಲದಿರುವುದಷ್ಟೇ ಕಾರಣವಲ್ಲ. ಅವು ಹಗುರ, ಅವುಗಳ ಟೈರ್ ಕಿರಿದು, ಆದ್ದರಿಂದ ಕಡಿಮೆ ವೇಗದಲ್ಲೇ ಹಿಡಿತದ ತುದಿ ಸಿಗುತ್ತದೆ. ಇಂದಿನ ಭಾರಿ ಶಕ್ತಿಯ ಕಾರಿನಲ್ಲಿ ಆ ತುದಿ ಎಷ್ಟು ದೂರವಿದೆ ಎಂದರೆ, ರಸ್ತೆಯ ಕಾನೂನು ಮೀರದೆ ಅದರ ಹತ್ತಿರ ಸುಳಿಯುವುದೂ ಕಷ್ಟ. ಟ್ರ್ಯಾಕ್‌ನಲ್ಲಿ ಅಂಥ ಕಾರಿನೊಂದಿಗೆ ಬಂದವರು ಬಹಳ ವೇಗವಾಗಿ ಹೋಗುತ್ತಾರೆ, ಸಂಜೆಯ ಹೊತ್ತಿಗೆ ಕಲಿತದ್ದು ಕಡಿಮೆ. ಟೊಯೊಟಾ 2012ರಲ್ಲಿ ಜಿಟಿ86 ಕಾರಿಗೆ ಬೇಕೆಂದೇ 215 ಮಿಲಿಮೀಟರ್ ಅಗಲದ ಸಾಧಾರಣ ಟೈರ್ ಹಾಕಿದ್ದು ಈ ತಿಳಿವಳಿಕೆಯಿಂದ. 1989ರಿಂದ ಬರುತ್ತಿರುವ ಮಾಜ್ದಾ ಎಂಎಕ್ಸ್-5 ಕೂಡ ಇದೇ ದಾರಿಯದು.

ನಿಮಗೆ ನಾನು ಹೇಳುವುದು ಇಷ್ಟು: ಈ ಬಗೆಯ ಹಗುರ ಕಾರೊಂದನ್ನು ಕೊಳ್ಳಿ, ಎಬಿಎಸ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ಎರಡೂ ಇರಲಿ. ಕೊಳ್ಳುವ ಮುನ್ನ ಓಡಿಸಿ ನೋಡುವಾಗ ವೇಗ ಪರೀಕ್ಷಿಸಲು ಹೋಗಬೇಡಿ. ಉಬ್ಬುತಗ್ಗಿನ ತಿರುವಿನಲ್ಲಿ ನಿಧಾನವಾಗಿ ಹೋಗಿ, ರಸ್ತೆ ಬದಲಾದದ್ದು ಕೈಗೆ ತಿಳಿಯಿತೇ ಎಂದು ಗಮನಿಸಿ. ಬ್ರೇಕ್ ಎಷ್ಟು ಒತ್ತಿದರೆ ಎಷ್ಟು ನಿಲ್ಲುತ್ತದೆ ಎಂಬುದು ಪಾದಕ್ಕೆ ಅಂದಾಜಾಗುತ್ತದೆಯೇ ನೋಡಿ. ಟೈರ್‌ಗಳ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತದೆ, ಅದನ್ನೂ ಓದಿ. ಹಳೆಯ ಗಟ್ಟಿ ರಬ್ಬರಿನ ಮೇಲೆ ಯಾವ ಕಾರಿನ ಗುಣವೂ ತಿಳಿಯುವುದಿಲ್ಲ.

ಆಮೇಲೆ ಕಲಿಸುವವರೊಬ್ಬರ ಜೊತೆ, ಸುತ್ತ ಡಿಕ್ಕಿ ಹೊಡೆಯಲು ಏನೂ ಇಲ್ಲದ ಒದ್ದೆ ನೆಲದ ಮೈದಾನಕ್ಕೆ ಹೋಗಿ. ಮೊದಲು ಎಲ್ಲ ನೆರವುಗಳೂ ಇರುವಾಗ ಕಾರನ್ನು ಜಾರಿಸಿ, ಕಂಪ್ಯೂಟರ್ ಎಲ್ಲಿ ಕೈ ಹಾಕುತ್ತದೆ ಎಂಬುದನ್ನು ಗುರುತಿಸಿಕೊಳ್ಳಿ. ನಂತರ ಸ್ಟೆಬಿಲಿಟಿ ಕಂಟ್ರೋಲ್ ತೆಗೆದು ಅದೇ ಜಾಗದಲ್ಲಿ ಅದೇ ಜಾರನ್ನು ನೀವೇ ಹಿಡಿಯಲು ಅಭ್ಯಾಸ ಮಾಡಿ. ಕಾರಿನ ಕೈಪಿಡಿಯಲ್ಲಿ ಆ ಬಟನ್ ಬಗ್ಗೆ ಬರೆದುದನ್ನು ಮೊದಲೇ ಓದಿಕೊಂಡಿರಿ. ಹಲವು ಕಾರುಗಳಲ್ಲಿ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ಹೋಗುತ್ತದೆ, ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಉಳಿದದ್ದೂ ಹೋಗುತ್ತದೆ. ಮೈದಾನದಿಂದ ರಸ್ತೆಗೆ ಹೊರಡುವಾಗ ಎಲ್ಲವನ್ನೂ ಮತ್ತೆ ಹಾಕಿಕೊಂಡೇ ಹೊರಡಿ.