ಒಂದು ಕಂಪ್ಯೂಟರ್, ಮೂರು ಮಾನಿಟರ್: ಮೂವರು ಮಕ್ಕಳು ಒಟ್ಟಿಗೆ ಕಲಿಯಬಹುದೇ?

ಪ್ರಶ್ನೆ: ಸಂಜೆ ಹೊತ್ತು ಊರಿನ ಹೈಸ್ಕೂಲು ಮಕ್ಕಳಿಗೆ ಉಚಿತವಾಗಿ ಕಂಪ್ಯೂಟರ್ ಹೇಳಿಕೊಡುತ್ತೇನೆ. 16 ಜಿಬಿ ರ್‍ಯಾಮ್‌ನ ಒಂದೇ ಡೆಸ್ಕ್‌ಟಾಪ್ ಇದೆ. ದಾನಿಗಳು ಇನ್ನೆರಡು ಮಾನಿಟರ್, ಕೀಬೋರ್ಡ್, ಮೌಸ್ ಕೊಟ್ಟಿದ್ದಾರೆ. ಎಚ್‌ಡಿಎಂಐ ಸ್ಪ್ಲಿಟರ್ ಹಾಕಿದರೆ ಎಲ್ಲದರಲ್ಲೂ ಒಂದೇ ಚಿತ್ರ ಬರುತ್ತದೆ. ಮೂವರಿಗೂ ಬೇರೆ ಬೇರೆ ಕೆಲಸ ಕೊಡಲು ಸಾಧ್ಯವೇ? ನುಡಿಯ ಕನ್ನಡ ಟೈಪಿಂಗ್ ಕೂಡ ಕಲಿಸಬೇಕಿದೆ.
– ಓದುಗರು, ಕಾಪು, ಉಡುಪಿ ಜಿಲ್ಲೆ

ಉತ್ತರ: ಖಂಡಿತ ಸಾಧ್ಯ, ಆದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್‌ನಲ್ಲಿ. ಸಾಮಾನ್ಯ ವಿಂಡೋಸ್ ಪರವಾನಗಿ ಒಂದು ಹೊತ್ತಿಗೆ ಒಬ್ಬರ ಬಳಕೆಗೆ ಮಾತ್ರ. ಒಂದೇ ಕಂಪ್ಯೂಟರನ್ನು ಹಲವರು ಬಳಸಲೆಂದು ಮೈಕ್ರೋಸಾಫ್ಟ್ ಶಾಲೆಗಳಿಗೆ ತಂದಿದ್ದ ಮಲ್ಟಿಪಾಯಿಂಟ್ ಸೌಲಭ್ಯವೂ ವಿಂಡೋಸ್ ಸರ್ವರ್ 2016ರ ನಂತರದ ಆವೃತ್ತಿಯಲ್ಲಿ ಇಲ್ಲ.

ಸ್ಪ್ಲಿಟರ್ ಇರುವ ಚಿತ್ರವನ್ನೇ ನಕಲು ಮಾಡುತ್ತದೆ, ಅಷ್ಟೆ. ಲಿನಕ್ಸ್‌ನಲ್ಲಿ ಒಬ್ಬರು ಕೂರುವ ಜಾಗಕ್ಕೆ ‘ಸೀಟ್’ ಎನ್ನುತ್ತಾರೆ. ಪ್ರತಿ ಸೀಟಿಗೂ ಪ್ರತ್ಯೇಕ ಗ್ರಾಫಿಕ್ಸ್ ಸಾಧನ (ಮಾನಿಟರ್‌ಗೆ ಚಿತ್ರ ಕಳಿಸುವ ಕಾರ್ಡ್ ಅಥವಾ ಚಿಪ್) ಬೇಕು. ಒಂದೇ ಕಾರ್ಡಿನ ಎರಡು ಕಿಂಡಿಗಳನ್ನು ಇಬ್ಬರಿಗೆ ಹಂಚಲು ಸಾಮಾನ್ಯವಾಗಿ ಆಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮ ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಮೊದಲ ಸೀಟು ಸಿದ್ಧ. (ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದಿರುವುದಿಲ್ಲ, ನೋಡಿಕೊಳ್ಳಿ.) ಎರಡನೆಯದಕ್ಕೆ ಹಳೆಯ ಎಎಂಡಿ ಕಾರ್ಡ್ ಸಾಕು, ಅದರ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ. ಕಾರ್ಡ್ ಹಾಕಿದೊಡನೆ ಒಳಗಿನ ಗ್ರಾಫಿಕ್ಸ್ ತಾನಾಗಿ ನಿಂತುಬಿಡುವುದುಂಟು. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಎರಡನ್ನೂ ಚಾಲೂ ಇಡಿ.

ಮುಂದಿನದು ಸುಲಭ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಲಾಗಿನ್‌ಸಿಟಿಎಲ್’ (loginctl) ಆದೇಶದ ‘ಸೀಟ್-ಸ್ಟೇಟಸ್’ (seat-status) ಆಯ್ಕೆ ಎಲ್ಲ ಸಾಧನಗಳ ಪಟ್ಟಿ ಕೊಡುತ್ತದೆ. ‘ಅಟ್ಯಾಚ್’ (attach) ಆಯ್ಕೆಯಿಂದ ಹೊಸ ಕಾರ್ಡನ್ನೂ ಒಂದು ಯುಎಸ್‌ಬಿ ಹಬ್ (ಒಂದು ಕಿಂಡಿಯನ್ನು ಹಲವಾಗಿಸುವ ಸಾಧನ) ಅನ್ನೂ ‘ಸೀಟ್1’ಕ್ಕೆ (seat1) ಸೇರಿಸಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಇದೇ ಎರಡನೆಯ ಸೀಟು. ಕೀಬೋರ್ಡ್, ಮೌಸ್ ಆ ಹಬ್ಬಿನಲ್ಲಿರಲಿ. ಅಲ್ಲಿಗೆ ಚುಚ್ಚಿದ ಪೆನ್‌ಡ್ರೈವ್ ಕೂಡ ಆ ಸೀಟಿಗೇ ಸೇರುತ್ತದೆ. ಎರಡನೆಯ ಮಾನಿಟರ್‌ನಲ್ಲಿ ಪ್ರತ್ಯೇಕ ಲಾಗಿನ್ ಪರದೆ ಮೂಡುತ್ತದೆ. ಪ್ರತಿ ಮಗುವಿಗೂ ಅದರದೇ ಹೆಸರಿನ ಖಾತೆ ತೆರೆದುಕೊಡಿ. ತನ್ನ ಕಡತ ತನ್ನಲ್ಲೇ ಸುರಕ್ಷಿತವಾಗಿ ಉಳಿಯುತ್ತದೆ ಎಂಬ ಭರವಸೆ ಕಲಿಯುವ ಮಗುವಿಗೆ ಬಹಳ ದೊಡ್ಡದು. ಬೇರೆಯವರು ಕೆಲಸದಲ್ಲಿರುವಾಗ ಒಬ್ಬರು ಶಟ್‌ಡೌನ್ ಒತ್ತಿದರೆ ಸಾಮಾನ್ಯವಾಗಿ ನಿರ್ವಾಹಕರ ಪಾಸ್‌ವರ್ಡ್ ಕೇಳುತ್ತದೆ, ಹೆದರಬೇಕಿಲ್ಲ. ಹೆಡ್‌ಫೋನ್ ಬೇಕಿದ್ದರೆ ಯುಎಸ್‌ಬಿಯದನ್ನು ಕೊಳ್ಳಿ.

ಮೂರನೆಯ ಸೀಟಿಗೆ ಇನ್ನೊಂದು ಕಾರ್ಡ್ ಬೇಕು, ಮದರ್‌ಬೋರ್ಡ್‌ನಲ್ಲಿ ಅದಕ್ಕೆ ಸ್ಲಾಟ್ ಕೂಡ ಇರಬೇಕು. ಮೊದಲು ಎರಡು ಸೀಟುಗಳನ್ನು ಒಂದು ತಿಂಗಳು ನಡೆಸಿ ನೋಡಿ. ಬರವಣಿಗೆ, ಚಿತ್ರ ಬಿಡಿಸುವುದು, ಪೈಥಾನ್ ಕಲಿಕೆಗೆ ನಿಮ್ಮ 16 ಜಿಬಿ ಮೂವರಿಗೂ ಸಾಲುತ್ತದೆ. ಮೂವರೂ ವೀಡಿಯೊ ಹಾಕಿಕೊಂಡರೆ ಪ್ರೊಸೆಸರ್ ಹಳೆಯದಾಗಿದ್ದಲ್ಲಿ ಏದುಸಿರು ಬಿಡುತ್ತದೆ.

ನುಡಿ ವಿಂಡೋಸ್ ತಂತ್ರಾಂಶ. ಅದಕ್ಕಾಗಿ ಯೋಜನೆ ಕೈಬಿಡಬೇಡಿ. ನುಡಿಯ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಅದರಲ್ಲಿ ಪಳಗಿದ ಬೆರಳು ನಾಳೆ ಯಾವ ಕಚೇರಿಯಲ್ಲೂ ತಡವರಿಸುವುದಿಲ್ಲ. ಬರೆದದ್ದೂ ಎಲ್ಲೆಡೆ ಓದಬಹುದಾದ ಅಕ್ಷರ ಸಂಕೇತ ವ್ಯವಸ್ಥೆ ಯೂನಿಕೋಡ್‌ನಲ್ಲೇ ಇರುತ್ತದೆ.

ಕರೆಂಟ್ ಹೋದರೆ ಮೂವರ ಕೆಲಸವೂ ಒಟ್ಟಿಗೆ ನಿಲ್ಲುತ್ತದೆ. ಹಾಗಾಗಿ ಮೊದಲ ಖರ್ಚು ಯುಪಿಎಸ್‌ಗೆ ಇರಲಿ, ಕಾರ್ಡ್ ಆಮೇಲೆ. ನಮ್ಮ ಕರಾವಳಿಯ ಗುಡುಗು ಸಿಡಿಲಿಗೆ ಮಾತ್ರ ಅದನ್ನೂ ನಂಬಬೇಡಿ: ಮೋಡ ಕಟ್ಟಿದಾಗಲೇ ಯಂತ್ರ ನಿಲ್ಲಿಸಿ, ಪ್ಲಗ್ ಜೊತೆಗೆ ಇಂಟರ್ನೆಟ್ ಕೇಬಲ್ ಅನ್ನೂ ಕಿತ್ತಿಡಿ.