ಬೊಮ್ಮನಿಗೆ ಮಾತು ಕೊಡಬೇಡಿ

ಆತ್ಮೀಯರೇ,

ನಿಮ್ಮ ‘ಮೌನದ ಮಹಿಮೆ’ ಲೇಖನ ಕೈಸೇರಿ ಮೂರು ವಾರ ಆಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ವಿಷಯ ನನಗೆ ತುಂಬಾ ಹಿಡಿಸಿತು. ಮುಂಬೈ ಪಕ್ಕದ ಡೊಂಬಿವಲಿಯ ಒಂದು ಫ್ಲ್ಯಾಟಿನಲ್ಲಿ ಆರು ಜನ ಕನ್ನಡದ ಹುಡುಗ ಹುಡುಗಿಯರು ಭಾನುವಾರ ಮಧ್ಯಾಹ್ನ ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಥೆ ಕಟ್ಟುವ ಆಟ ಆಡುತ್ತೀರಿ. ನಿಮ್ಮ ಪಾತ್ರ ಬೊಮ್ಮ. ಬೀಗ ತೆಗೆಯುವುದರಲ್ಲಿ ಎತ್ತಿದ ಕೈ, ಹುಟ್ಟಿನಿಂದ ಮಾತು ಬಾರದವನು. ಇಂಥದ್ದನ್ನು ನಮಗೆ ಈವರೆಗೆ ಯಾರೂ ಬರೆದು ಕಳಿಸಿಲ್ಲ. ಹೀಗಿರುವಾಗ ಮೌನ ಬಂಗಾರ, ಮೌನ ತಪಸ್ಸು ಅಂತ ಮೊದಲ ಎರಡು ಪುಟ ಯಾಕೆ ಕಳೆದಿರಿ? ಅದನ್ನು ಪೂರ್ತಿ ತೆಗೆಯಿರಿ. ಮೌನವ್ರತ ಹಿಡಿದವರು ಬೇಕೆಂದೇ ಬಾಯಿ ಮುಚ್ಚಿಕೊಂಡವರು. ಬೊಮ್ಮ ಹಾಗಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ ಅವನು ಕೊನೆಯವರೆಗೂ ಋಷಿಯ ಹಾಗೆ ಉಳಿದುಬಿಟ್ಟ. ಸಿಟ್ಟಿಲ್ಲ, ಚೇಷ್ಟೆ ಇಲ್ಲ, ಸುಳ್ಳಿಲ್ಲ. ಕಳ್ಳನಾದವನು ಒಂದು ಸುಳ್ಳೂ ಹೇಳದೇ ಇರುತ್ತಾನಾ?

ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ. ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಿದ್ದವರು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಯಿತು. ನಾವು ಸ್ಲೇಟು ತಂದುಕೊಟ್ಟೆವು. ಬರೆಯುತ್ತಾ ಕೂರುವ ತಾಳ್ಮೆ ಅವರಿಗೆಲ್ಲಿತ್ತು? ಚಮಚ ಹಿಡಿದು ಸ್ಟೀಲ್ ಲೋಟಕ್ಕೆ ಬಡಿಯುತ್ತಿದ್ದರು. ಒಂದು ಸಲ ಬಡಿದರೆ ಮಾಣಿ ತಿರುಗಿ ನೋಡಬೇಕು. ಎರಡು ಸಲ ಬಡಿದರೆ ಮೂಲೆ ಟೇಬಲಿನವರು ಬಿಲ್ ಕೊಡದೇ ಏಳುತ್ತಿದ್ದಾರೆ ಅಂತ. ಬಿಡದೇ ಟಣಟಣ ಅಂದರೆ ಅದು ಬೈಗುಳ. ಯಾರಿಗೆ ಅನ್ನುವುದು ಒಳಗೆ ದೋಸೆ ಹುಯ್ಯುವವರಿಗೂ ಗೊತ್ತಾಗುತ್ತಿತ್ತು. ಹಳೇ ಗಿರಾಕಿ ಯಾರಾದರೂ ಬಂದರೆ ಮಾತ್ರ ಲೋಟದ ಅಂಚಿಗೆ ಚಮಚ ಮೆಲ್ಲಗೆ ಸವರುತ್ತಿದ್ದರು. ಆ ಲೋಟ ಈಗ ನಮ್ಮ ಮನೆಯಲ್ಲಿದೆ. ಅಂಚಿನ ಒಂದೇ ಪಕ್ಕಕ್ಕೆ ಸಣ್ಣ ಸಣ್ಣ ತಗ್ಗು ಬಿದ್ದಿವೆ.

ನಿಮ್ಮ ಬೊಮ್ಮನ ಚಮಚ ಎಲ್ಲಿದೆ? ಅವನು ಬೈಯುವುದು ಹೇಗೆ? ಗೆಳೆಯರನ್ನು ನಗಿಸುವುದು ಹೇಗೆ? ಆರು ಪುಟ ಓದಿದ ಮೇಲೂ ನನಗೆ ತಿಳಿಯಲಿಲ್ಲ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ‘ಮೂರು ಗಂಟೆ ನಾನೂ ಒಂದಕ್ಷರ ಆಡದೆ ಕೂತೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನನ್ನ ಪ್ರಕಾರ ಲೇಖನದ ದೊಡ್ಡ ತಪ್ಪು ಇದೇ, ಆಟದ್ದೂ ಇದೇ. ಮಳೆಗಾಲದಲ್ಲಿ ಇಲ್ಲಿ ನಡೆಯುವ ತಾಳಮದ್ದಳೆಗೆ ಹೋಗಿರುತ್ತೀರಲ್ವಾ? ಯಕ್ಷಗಾನದಲ್ಲಿ ವೇಷ ಇದೆ, ಹೆಜ್ಜೆ ಇದೆ, ಕಣ್ಣು ಕೈ ಇದೆ. ಬಾಯಿ ತೆರೆಯದೆಯೂ ರಂಗ ತುಂಬಬಹುದು. ತಾಳಮದ್ದಳೆಯಲ್ಲಿ ಅರ್ಥಧಾರಿ ವೇಷವಿಲ್ಲದೆ ಸುಮ್ನೆ ಕೂತಿರುತ್ತಾನೆ. ಅವನು ಮಾತು ನಿಲ್ಲಿಸಿದರೆ ಎದುರಿಗೆ ಕರ್ಣನೂ ಇಲ್ಲ, ರಥವೂ ಇಲ್ಲ. ನಿಮ್ಮ ಆಟ ಇದರ ಜಾತಿಯದು. ಕಾಡು, ಗುಹೆ, ರಾಕ್ಷಸ ಎಲ್ಲ ಕೂತವರ ಮಾತಿನಲ್ಲೇ ಏಳಬೇಕು. ಹಾಗಾಗಿ ಬೊಮ್ಮ ಮಾತಾಡದಿದ್ದರೂ ನೀವು ಮಾತಾಡಲೇಬೇಕು. ಉಳಿದವರಿಗಿಂತ ಜಾಸ್ತಿಯೇ ಮಾತಾಡಬೇಕು. ‘ಬೊಮ್ಮ ದೀಪಕ್ಕೆ ಕೈ ಅಡ್ಡ ಹಿಡಿದು, ಬಾಗಿಲ ಕಡೆ ಕತ್ತು ತಿರುಗಿಸಿ, ಮೂರು ಬೆರಳು ತೋರಿಸುತ್ತಾನೆ’ ಅಂತ ಹೇಳಿ. ಮೂರು ಕಾವಲುಗಾರರೋ, ಮೂರು ಮೆಟ್ಟಿಲೋ, ಅದನ್ನು ಮಾತ್ರ ಹೇಳಬೇಡಿ. ಜೊತೆಗಾರರು ಊಹಿಸಲಿ. ತಪ್ಪು ಊಹಿಸಿದರೆ ಇನ್ನೂ ಒಳ್ಳೆಯದು, ಕಥೆ ಅಲ್ಲಿಂದ ಹೊರಡುತ್ತದೆ. ನೀವೂ ಬಾಯಿ ಹೊಲಿದುಕೊಂಡು ಕೂತರೆ ಅವರೇನು ಮಾಡಬೇಕು? ಎರಡನೇ ವಾರ ಬೊಮ್ಮನನ್ನು ಕೋಟೆಬಾಗಿಲಲ್ಲೇ ಬಿಟ್ಟು ನಾಲ್ವರೂ ಮುಂದೆ ಹೋದರು ಅಂತ ನೀವೇ ಬರೆದಿದ್ದೀರಿ. ಆ ತಪ್ಪನ್ನು ಕಥೆ ನಡೆಸುವ ಡಂಜನ್ ಮಾಸ್ಟರ್ ತಲೆಗೆ ಕಟ್ಟಿದ್ದೀರಿ. ನನಗೆ ಹಾಗನಿಸಲಿಲ್ಲ.

ಆಟದ ಪರಿಚಯ ಒಂದು ಪುಟ ಬೇಡ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಾಕುತ್ತಾರೆ, ಕೈಗೂಡುತ್ತೋ ಇಲ್ಲವೋ ಎಂಬ ಕೆಲಸಕ್ಕೆ 20 ಮುಖದ ದಾಳ ಉರುಳಿಸುತ್ತಾರೆ. ನಮ್ಮ ಓದುಗರಿಗೆ ಇಷ್ಟು ಸಾಕು.

ಮಾತು ಬಾರದವನು ಮಾಯೆ ಮಾಡಲಾರ ಎಂದಿದ್ದೀರಿ. ನಿಯಮ ಅಷ್ಟು ಬಿಗಿಯಾಗಿಲ್ಲ. 2014ರ ಐದನೇ ಆವೃತ್ತಿಯಲ್ಲಿ ದನಿ, ಕೈಸನ್ನೆ, ಸಾಮಗ್ರಿ ಇವುಗಳಲ್ಲಿ ಯಾವ ಮಂತ್ರಕ್ಕೆ ಯಾವುದು ಬೇಕು ಅಂತ ಬೇರೆಬೇರೆ ಬರೆದಿದೆ. ದನಿ ಬೇಕಾದವೇ ಜಾಸ್ತಿ, ನಿಜ. ಆದರೆ ‘ಮೈನರ್ ಇಲ್ಯೂಷನ್’ಗೆ ಕೈಸನ್ನೆ ಮತ್ತು ಒಂದು ಚೂರು ಉಣ್ಣೆ ಸಾಕು. ಅದರಿಂದ ಪಿಸುಮಾತಿನಿಂದ ಹಿಡಿದು ಚೀರಾಟದವರೆಗೆ ಸದ್ದು ಹುಟ್ಟಿಸಬಹುದು, ಇನ್ನೊಬ್ಬರ ದನಿಯನ್ನೂ ತರಬಹುದು. ಇದು ಬೊಮ್ಮನ ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಅವನು ಯಾರ ದನಿ ಆರಿಸುತ್ತಾನೆ? ಅಥವಾ ದನಿಯೇ ಬೇಡ ಅಂತ ಸಿಂಹದ ಗರ್ಜನೆ ಆರಿಸುತ್ತಾನಾ? ಇದನ್ನು ಯೋಚಿಸುತ್ತಾ ಒಂದು ರಾತ್ರಿ ನನಗೆ ನಿದ್ದೆ ತಡವಾಯಿತು.

ಇನ್ನು ‘ಕಿವುಡಮೂಗ’ ಅನ್ನುವ ಪದ. ಅದು ನಮ್ಮ ಪತ್ರಿಕೆಯಲ್ಲಿ ಬರುವುದಿಲ್ಲ. ಕಿವಿ ಕೇಳದಿರುವುದು ಬೇರೆ, ಮಾತು ಬಾರದಿರುವುದು ಬೇರೆ. ಒಂದು ಕಡೆ ಬೊಮ್ಮ ಕಾವಲುಗಾರರ ಹೆಜ್ಜೆ ಸದ್ದು ಕೇಳುತ್ತಾನೆ, ಇನ್ನೊಂದು ಕಡೆ ಗಂಟೆ ಬಾರಿಸಿದರೂ ಕೇಳುವುದಿಲ್ಲ. ಒಂದನ್ನು ಆರಿಸಿಕೊಳ್ಳಿ. ‘ಸನ್ನೆಯಲ್ಲಿ ಊಟ, ನೀರು ಬಿಟ್ಟರೆ ಇನ್ನೇನು ಹೇಳಲಾದೀತು’ ಎಂಬ ಸಾಲೂ ಹೋಗಲಿ. ಭಾರತೀಯ ಸನ್ನೆ ಭಾಷೆಗೆ 2018ರಲ್ಲಿ ಬಂದ ಸರ್ಕಾರಿ ನಿಘಂಟಿನಲ್ಲೇ 3,000 ಪದಗಳಿದ್ದವು, 2021ರಲ್ಲಿ ಅದು 10,000 ಆಯಿತು. ಅದಕ್ಕೆ ತನ್ನದೇ ವ್ಯಾಕರಣ ಇದೆ. ಏನು, ಎಲ್ಲಿ ಎಂಬ ಪ್ರಶ್ನೆಯ ಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ದಾದರ್ ಸ್ಟೇಷನ್ನಿನಲ್ಲಿ ಸಂಜೆ ನಿಂತು ನೋಡಿ. ಲೋಕಲ್ ಹೊರಟ ಮೇಲೆ ನಮ್ಮ ನಿಮ್ಮ ಮಾತು ಕೇಳಿಸದು. ಸನ್ನೆ ಭಾಷೆಯ ಗೆಳೆಯರು ಒಬ್ಬರು ಬಾಗಿಲಲ್ಲಿ, ಇನ್ನೊಬ್ಬರು ಪ್ಲಾಟ್‌ಫಾರ್ಮಿನಲ್ಲಿ ನಿಂತು, ಕಣ್ಣಿಗೆ ಕಾಣುವಷ್ಟು ದೂರವೂ ಹರಟುತ್ತಲೇ ಇರುತ್ತಾರೆ.

ನಿಮ್ಮ ನಾಲ್ಕನೇ ಪುಟದಲ್ಲಿ ಒಂದೇ ಒಂದು ಸಾಲಿದೆ: ‘ಶತ್ರುವಿನ ಪೂಜಾರಿ ಸೈಲೆನ್ಸ್ ಹಾಕಿದಾಗ ಎಲ್ಲರಿಗೂ ತೊಂದರೆಯಾಯಿತು, ಬೊಮ್ಮ ದಾರಿ ತೋರಿಸಿದ.’ ಓದುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ನಿಮ್ಮ ಲೇಖನ ಇರುವುದೇ ಇಲ್ಲಿ! ಆ ಮಂತ್ರ ಬಿದ್ದರೆ ಸುತ್ತ 20 ಅಡಿಯೊಳಗೆ ಯಾವ ಸದ್ದೂ ಹುಟ್ಟುವುದಿಲ್ಲ, 10 ನಿಮಿಷದವರೆಗೂ ಇರಬಹುದು. ಮಂತ್ರವಾದಿಯ ಮಂತ್ರ ಗಂಟಲಲ್ಲೇ ಉಳಿಯುತ್ತದೆ. ನಾಯಕ ಕೂಗಿದ್ದು ಪಕ್ಕದವನಿಗೂ ಮುಟ್ಟುವುದಿಲ್ಲ. ಎಲ್ಲರೂ ಕಂಗಾಲು. ಬೊಮ್ಮನಿಗೆ ಮಾತ್ರ ಅದು ಎಂದಿನ ದಿನ. ಮೂರು ವಾರದಿಂದ ಅವನ ಬೆರಳುಗಳನ್ನು ಯಾರು ಗಮನಿಸುತ್ತಿದ್ದರು, ಯಾರು ಗಮನಿಸಿರಲಿಲ್ಲ ಎಂಬುದು ಆ ಹತ್ತು ನಿಮಿಷದಲ್ಲಿ ಬಯಲಾಗುತ್ತದೆ. ಇದಕ್ಕೆ ಎರಡು ಪುಟ ಕೊಡಿ. ಇಲ್ಲಿಂದಲೇ ಶುರು ಮಾಡಿ.

ಇಷ್ಟಾದ ಮೇಲೆ ಕೊನೆಯಲ್ಲಿ ದೇವಿ ಬಂದು ವರ ಕೊಟ್ಟು, ಬೊಮ್ಮ ಮಾತಾಡಿ, ಎಲ್ಲರೂ ಚಪ್ಪಾಳೆ ತಟ್ಟುವುದು ಬೇಡವೇ ಬೇಡ. ಅವನು ಹಾಗೇ ಇದ್ದು ನಾಲ್ವರನ್ನು ಉಳಿಸಿದ್ದಾನೆ. ಅವನನ್ನು ರಿಪೇರಿ ಮಾಡುವ ಅಗತ್ಯ ಯಾರಿಗೂ ಇಲ್ಲ. ಭಾಷೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ‘ಪಾತ್ರದ ಚರ್ಮದೊಳಗೆ ಹೊಕ್ಕೆ’ ಅಂತ ನಾವು ಅನ್ನುವುದಿಲ್ಲ, ‘ಪಾತ್ರವೇ ಆಗಿಹೋದೆ’ ಅನ್ನುತ್ತೇವೆ. ಅಂಥ ಏಳೆಂಟು ಕಡೆ ಪೆನ್ಸಿಲ್ ಗುರುತು ಹಾಕಿದ್ದೇನೆ.

900 ಪದ ಮೀರದಂತೆ ತಿದ್ದಿ ಬರುವ ತಿಂಗಳ ಹತ್ತರೊಳಗೆ ಕಳಿಸಿ. ಒಂದು ವಿಷಯ ಮಾತ್ರ ಮರೆಯದೆ ಸೇರಿಸಿ. ಬಿಲ್ಲುಗಾರ್ತಿಯ ಪಾತ್ರ ಹಾಕಿದ ನಿಮ್ಮ ಗೆಳತಿ ಮೂರನೇ ವಾರಕ್ಕೆ ಬೊಮ್ಮನ ಸನ್ನೆಗಳನ್ನು ಕಲಿತಿದ್ದಳು ಅಂತ ಬರೆದಿದ್ದೀರಿ. ಅವಳು ಎಲ್ಲಕ್ಕಿಂತ ಮೊದಲು ಕಲಿತ ಸನ್ನೆ ಯಾವುದು?