ಟೆಸ್ ದತ್ತಾಂಶದಲ್ಲಿ ಕಂಡ ಕುಳಿ ಗ್ರಹದ್ದೇ?

ಪ್ರಶ್ನೆ: ಟೆಸ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶವನ್ನು ಪೈಥಾನ್ ಭಾಷೆಯ ಲೈಟ್‌ಕರ್ವ್ ತಂತ್ರಾಂಶದಲ್ಲಿ ತೆರೆದು ಅಭ್ಯಾಸ ಮಾಡುತ್ತಿದ್ದೇನೆ. ವಾಸ್ಪ್-18 ನಕ್ಷತ್ರಕ್ಕೆ ಗ್ರಹ ಇರುವುದು ಗೊತ್ತಿರುವ ಸಂಗತಿ. ಆದರೂ ಬೆಳಕಿನ ಏರಿಳಿತದ ರೇಖೆಯನ್ನು ಸಮತಟ್ಟು ಮಾಡಿದ ಮೇಲೆ, ಗ್ರಹ ಅಡ್ಡ ಬಂದಾಗ ಬೆಳಕು ತಗ್ಗಿ ಮೂಡುವ ಕುಳಿ ಸೊರಗಿಬಿಡುತ್ತದೆ. ಇನ್ನೊಂದು ನಕ್ಷತ್ರದಲ್ಲಿ 3 ದಿನಕ್ಕೊಮ್ಮೆ ಬೆಳಕು ಶೇ 2ರಷ್ಟು ತಗ್ಗುತ್ತಿದೆ. ಹೊಸ ಗ್ರಹ ಇರಬಹುದೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಮೊದಲನೆಯದು ಡಿಫಾಲ್ಟ್ ಸೆಟ್ಟಿಂಗಿನ ಕಿತಾಪತಿ. ನೀವೇನೂ ಹೇಳದಿದ್ದರೆ ರೇಖೆ ಸಮತಟ್ಟು ಮಾಡುವ ಫ್ಲ್ಯಾಟನ್ ಆದೇಶ ಒಮ್ಮೆಗೆ 101 ಬಿಂದುಗಳ ಕಿಟಕಿ ಹಿಡಿಯುತ್ತದೆ. 2 ನಿಮಿಷಕ್ಕೊಂದು ಬಿಂದು ಎಂದರೆ 3 ಗಂಟೆ 22 ನಿಮಿಷ. ವಾಸ್ಪ್-18ರ ಸಂಕ್ರಮಣವೇ (ಗ್ರಹ ನಕ್ಷತ್ರದ ಮುಂದೆ ಹಾಯುವುದು) 2 ಗಂಟೆಗೂ ಹೆಚ್ಚು. ಕಿಟಕಿಯ ಅರ್ಧಕ್ಕಿಂತ ಹೆಚ್ಚು ಕುಳಿಯೇ ತುಂಬಿದಾಗ ಫಿಲ್ಟರು ಅದನ್ನೂ ನಕ್ಷತ್ರದ ಏರಿಳಿತವೆಂದು ಬಗೆದು ಒರೆಸುತ್ತದೆ. ಕಿಟಕಿ ಸಂಕ್ರಮಣದ 3 ಪಟ್ಟಾದರೂ ಇರಲಿ. ಇಲ್ಲಿ 201, ಧೈರ್ಯಕ್ಕೆ 401. ಬೆಸಸಂಖ್ಯೆಯೇ ಆಗಬೇಕು.

ಎರಡನೆಯದಕ್ಕೆ ಆತುರ ಬೇಡ. ಇಂಥ ಕುಳಿಗಳಲ್ಲಿ ಬಹಳಷ್ಟು ಜೋಡಿನಕ್ಷತ್ರಗಳ ಗ್ರಹಣ. ರೇಖೆಯನ್ನು 3ರ ಬದಲು 6 ದಿನಕ್ಕೆ ಮಡಚಿ, ಅಂದರೆ ಆರಾರು ದಿನದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಅಕ್ಕಪಕ್ಕದ ಎರಡು ಕುಳಿಗಳ ಆಳ ಬೇರೆಬೇರೆ, ಒಂದು ಶೇ 2.1, ಇನ್ನೊಂದು ಶೇ 1.7 ಎಂದು ಬಂದರೆ ಅಲ್ಲಿಗೆ ಕೈಬಿಡಿ. ಎರಡು ನಕ್ಷತ್ರಗಳು ಒಂದನ್ನೊಂದು ಮರೆಮಾಡುತ್ತಿವೆ. ಆಳ ಒಂದೇ ಇದ್ದರೆ ನಕ್ಷತ್ರದ ತ್ರಿಜ್ಯ ಹುಡುಕಿ. ಶೇ 2ರ ಕುಳಿಗೆ ಮರೆಮಾಡುವ ಕಾಯದ ತ್ರಿಜ್ಯ ನಕ್ಷತ್ರದ್ದರ 0.14 ಪಟ್ಟು. ಸೂರ್ಯನಷ್ಟೇ ನಕ್ಷತ್ರವಾದರೆ ಅದು ಗುರುಗ್ರಹದ 1.4 ಪಟ್ಟು, ಒಪ್ಪಬಹುದು. ನಕ್ಷತ್ರ ಅದರ ಎರಡರಷ್ಟು ದಪ್ಪವಿದ್ದರೆ 2.8 ಪಟ್ಟಾಗುತ್ತದೆ; ಅಷ್ಟು ಊದಿದ ಗ್ರಹ ಇರುವುದಿಲ್ಲ.

ಇದನ್ನೂ ದಾಟಿತೇ? ಟೆಸ್‌ನ ಮಸೂರ ಬರೀ 10.5 ಸೆಂಟಿಮೀಟರ್, ಒಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). ವಠಾರದ ಮನೆಗಳಂತೆ ಅದರೊಳಗೆ ಹಲವು ನಕ್ಷತ್ರಗಳ ಬೆಳಕು ಬೆರೆತಿರುತ್ತದೆ. ನಿಮ್ಮದರ ಹತ್ತನೇ ಒಂದು ಭಾಗ ಬೆಳಗುವ ನೆರೆಯ ನಕ್ಷತ್ರ ಶೇ 20ರಷ್ಟು ಮಂಕಾದರೂ ಒಟ್ಟಿನಲ್ಲಿ ಕಾಣುವುದು ಸುಮಾರು ಶೇ 2ರ ಕುಳಿಯೇ.

ಇದನ್ನು ಪರೀಕ್ಷಿಸಲು ಬೆಂಗಳೂರಿನ ತಾರಸಿಯೇ ಸಾಕು. ನಗರದ ಬೆಳಕಿನಲ್ಲಿ ಶೇ 2 ಅಳೆಯುವುದು ಕಷ್ಟ, ಆದರೆ ತೀರಾ ಮಂಕಲ್ಲದ ನೆರೆನಕ್ಷತ್ರ ಶೇ 20 ಕುಸಿದರೆ 8 ಇಂಚಿನ ದೂರದರ್ಶಕ, ಸಿಮಾಸ್ ಕ್ಯಾಮೆರಾಕ್ಕೆ ಸಿಗುತ್ತದೆ. ಮಳೆಗಾಲ ಬಿಟ್ಟು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾಡಿ. ಟೆಸ್ ಸಮಯಕ್ಕೆ 2457000 ಕೂಡಿಸಿದರೆ ಜೂಲಿಯನ್ ದಿನ, ಅಂದರೆ ಖಗೋಳಜ್ಞರ ದಿನಗಳ ಎಣಿಕೆ. ಅದನ್ನು ಗ್ರೀನಿಚ್ ಗಡಿಯಾರದ ಸಮಯಕ್ಕೆ ತಂದು, ಭಾರತದ ಸಮಯಕ್ಕಾಗಿ ಐದೂವರೆ ಗಂಟೆ ಸೇರಿಸಿ. ಹಳೆಯ ದತ್ತಾಂಶವಾದರೆ ಹುಷಾರು: ಅವಧಿಯಲ್ಲಿ 1 ನಿಮಿಷ ತಪ್ಪಿದರೂ ಎರಡು ವರ್ಷದಲ್ಲಿ 240 ಸುತ್ತು ಸೇರಿ ಅದು 4 ಗಂಟೆಯಾಗುತ್ತದೆ. ನೀವು ಕಣ್ಣುಜ್ಜಿಕೊಂಡು ಕ್ಯಾಮೆರಾ ಚಾಲೂ ಮಾಡುವಷ್ಟರಲ್ಲಿ ಗ್ರಹಣ ಮುಗಿದಿರುತ್ತದೆ.